ಬಾಡಿಗೆ ಮನೆಗೆ ಸೋಲಾರ್ ಹಾಕಿಸೋ ಮುಂಚೆ ಕರೆಂಟ್ ಬಿಲ್ಲಿನ ಆರ್‌ಆರ್ ನಂಬರ್ ಯಾರ ಹೆಸರಲ್ಲಿದೆ ನೋಡಿ

ನಾಗರಭಾವಿಯಲ್ಲಿ ಮೂವತ್ತು ನಲವತ್ತರ ಸೈಟಿನ ಹಳೇ ಬಾಡಿಗೆ ಕಟ್ಟಡವೊಂದನ್ನು ಕೊಂಡಿದ್ದೆ. ನಾಲ್ಕು ಮನೆ, ನಾಲ್ಕು ಮೀಟರ್. ಬಣ್ಣದ ಕೆಲಸ ನಡೆಯುತ್ತಿದ್ದಾಗ ಸೋಲಾರ್ ಏಜೆಂಟ್ ಒಬ್ಬ ಬಂದ. ‘ಮೀಟರಿಗೆ 78,000 ಸಬ್ಸಿಡಿ ಸರ್, ನಾಲ್ಕಕ್ಕೆ 3,12,000. ಪೇಪರ್ ಕೆಲಸ ಎಲ್ಲ ನಮ್ದು’ ಅಂದ. ಬಾಯಲ್ಲಿ ನೀರೂರಿತು. ಅಡ್ವಾನ್ಸ್ ಕೊಟ್ಟುಬಿಟ್ಟೆ.

78,000 ಅನ್ನೋದು ಸುಳ್ಳಲ್ಲ. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟಿಗೆ ತಲಾ 30,000, ಮೂರನೆಯದಕ್ಕೆ 18,000. ಅದಕ್ಕಿಂತ ದೊಡ್ಡದು ಹಾಕಿಸಿದರೂ ಅಷ್ಟೇ. ನಾಲ್ಕರಿಂದ ಗುಣಿಸಿದ್ದು ಮಾತ್ರ ಏಜೆಂಟನ ಕೈಚಳಕ. ಕಿಲೋವ್ಯಾಟಿಗೆ ಹೆಚ್ಚುಕಡಿಮೆ 100 ಚದರಡಿ ಜಾಗ ಬೇಕು. 12 ಕಿಲೋವ್ಯಾಟ್ ಅಂದರೆ ಇಡೀ ಸೈಟಿನಷ್ಟು ತಾರಸಿ. ನೀರಿನ ಟ್ಯಾಂಕ್ ಏನು ತಲೆ ಮೇಲೆ ಹೊತ್ಕೋಬೇಕಾ? ಕೊನೆಗೆ ಕೂತಿದ್ದು 3 ಕಿಲೋವ್ಯಾಟ್, ಒಂದೇ ಮೀಟರಿಗೆ.

ಅದಕ್ಕೂ ದುಡ್ಡು ಬರಲಿಲ್ಲ. ಪ್ಯಾನೆಲ್ ಕೂರಿಸಿದ ಮೇಲೆ ಅರ್ಜಿ ಹಾಕಲು ಹೋದರೆ ಆರ್‌ಆರ್ ನಂಬರ್ ಇನ್ನೂ ಹಳೇ ಮಾಲೀಕರ ಹೆಸರಿನಲ್ಲೇ ಇತ್ತು. ರಿಜಿಸ್ಟ್ರೇಷನ್ ಆಯ್ತಲ್ಲ ಅಂತ ನಾನು ಸುಮ್ನೆ ಕೂತಿದ್ದೆ. ತಪ್ಪು ನನ್ನದೇ. ಖಾತಾ, ಕ್ರಯಪತ್ರ ಹಿಡಿದುಕೊಂಡು ಬೆಸ್ಕಾಂಗೆ ಓಡಾಡಿ ಹೆಸರು ಬದಲಾಯಿಸಿದೆ. ಆಮೇಲೆ ಗೊತ್ತಾಯಿತು, ಪ್ಯಾನೆಲ್ಲೇ ಡಿಸಿಆರ್ ಅಲ್ಲ. ಡಿಸಿಆರ್ ಅಂದರೆ ಸೆಲ್ಲು, ಪ್ಯಾನೆಲ್ಲು ಎರಡೂ ನಮ್ಮ ದೇಶದಲ್ಲೇ ತಯಾರಾದದ್ದಾಗಿರಬೇಕು, ಇಲ್ಲದಿದ್ದರೆ ಸಬ್ಸಿಡಿ ಇಲ್ಲ. ಏಜೆಂಟ್ ಹಾಕಿದ್ದು ಅಗ್ಗದ ಹೊರದೇಶದ ಮಾಲು. ಹೆಸರೇನೋ ಬದಲಾಯಿಸಬಹುದು, ಬೋಲ್ಟ್ ಹಾಕಿ ಕೂರಿಸಿದ್ದನ್ನು ಏನು ಮಾಡೋದು?

ಇನ್ನೂ ತಮಾಷೆ ಕೇಳಿ. ಆ ಮೀಟರಿನ ಮನೆಯವರಿಗೆ ಗೃಹಜ್ಯೋತಿ ಇದೆ. 200 ಯೂನಿಟ್ ಒಳಗೇ ಇರುವ ಸಣ್ಣ ಸಂಸಾರ, ಬಿಲ್ ಮೊದಲೇ ಸೊನ್ನೆ. ಸೊನ್ನೆಯಲ್ಲಿ ನಾನು ಯಾವ ಉಳಿತಾಯ ಮಾಡಲು ಹೊರಟಿದ್ದೆನೋ! ಬಾಡಿಗೆಗೆ ಕೊಟ್ಟ ಮನೆಯಲ್ಲಿ ಖರ್ಚು ನಮ್ಮದು, ಬಿಲ್ ಅವರದು ಅನ್ನೋದು ಆಗ ಹೊಳೆಯಲೇ ಇಲ್ಲ.

ಹಾಕಿಸುವವರು ಮೊದಲು ನಿಮ್ಮ ಮೊಬೈಲಿನಿಂದಲೇ ಯೋಜನೆಯ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಅಲ್ಲಿನ ಪಟ್ಟಿಯಲ್ಲಿರುವ ಕಂಪನಿಯನ್ನೇ ಹಿಡಿಯಿರಿ. ಕೊಟೇಶನ್‌ನಲ್ಲಿ ಡಿಸಿಆರ್ ಅಂತ ಬರೆಸಿಕೊಳ್ಳಿ. ಸಬ್ಸಿಡಿ ಬರೋದು ನೆಟ್ ಮೀಟರ್ (ನಾವು ಬಳಸಿದ್ದು, ಲೈನಿಗೆ ವಾಪಸ್ ಕೊಟ್ಟಿದ್ದು ಎರಡನ್ನೂ ಲೆಕ್ಕ ಹಾಕುವ ಮೀಟರ್) ಕೂತು ಎಲ್ಲ ಮುಗಿದ ಮೇಲೆ, ಅದೂ ನೇರ ನಿಮ್ಮ ಖಾತೆಗೆ. ಕೊನೆಯ ಕಂತನ್ನು ಅಲ್ಲಿವರೆಗೆ ಕೈಯಲ್ಲೇ ಇಟ್ಟುಕೊಳ್ಳಿ. ನಾನು ಪೂರ್ತಿ ಕೊಟ್ಟು ಕೂತಿದ್ದೇನೆ, ಏಜೆಂಟ್ ಫೋನ್ ಎತ್ತುತ್ತಿಲ್ಲ.

ಎರಡನೇ ಮಹಡಿಯ ಆಂಟಿ ಮೊನ್ನೆ ಸಂಡಿಗೆ ಒಣಗಿಸೋಕೆ ಜಾಗ ಇಲ್ಲ ಅಂತ ಜಗಳಕ್ಕೇ ಬಂದರು.