ಕಣಿವೆಯ ಮೂರು ಅರಮನೆ ಚೌಕಗಳು: ಕಠ್ಮಂಡು, ಪಾಟನ್, ಭಕ್ತಪುರ

ಕಠ್ಮಂಡುವಿಗೆ ಹೋದ ನಮ್ಮವರು ಪಶುಪತಿನಾಥನ ದರ್ಶನ ಮುಗಿಸಿ, ಉಳಿದ ಹೊತ್ತಿನಲ್ಲಿ ಹನುಮಾನ್ ಢೋಕಾದ ಅರಮನೆ ಚೌಕವನ್ನು ನೋಡಿಕೊಂಡು ಹಿಂದಿರುಗುವುದು ವಾಡಿಕೆ. ಆದರೆ ಕಠ್ಮಂಡು ಕಣಿವೆಯಲ್ಲಿ ಇಂಥ ಚೌಕಗಳು ಮೂರಿವೆ. 1482ರಲ್ಲಿ ಕಣಿವೆಯನ್ನು ಆಳುತ್ತಿದ್ದ ಮಲ್ಲ ವಂಶದ ಅರಸ ಯಕ್ಷಮಲ್ಲನು ತೀರಿಕೊಂಡ ಮೇಲೆ ರಾಜ್ಯವು ಹೋಳಾಗುತ್ತ ಹೋಗಿ ಕಠ್ಮಂಡು, ಪಾಟನ್, ಭಕ್ತಪುರ ಎಂಬ ಮೂರು ರಾಜಧಾನಿಗಳು ನಿಂತವು. ದಾಯಾದಿಗಳು ಒಬ್ಬರನ್ನೊಬ್ಬರು ಮೀರಿಸಲು ಹೊರಟಿದ್ದರ ಫಲವೇ ಈ ದೇವಾಲಯಗಳ ದಟ್ಟಣೆ. ಮೂರನ್ನೂ ಬೇರೆ ಬೇರೆ ದಿನಗಳಲ್ಲಿ ನಡೆದು ನೋಡಿದ ನನ್ನ ಅಭಿಪ್ರಾಯದಲ್ಲಿ, ಅರ್ಧ ದಿನವಷ್ಟೇ ಇದ್ದವರು ಹನುಮಾನ್ ಢೋಕಾವನ್ನು ಬಿಟ್ಟು ಪಾಟನ್‌ಗೆ ಹೋಗುವುದು ಲೇಸು.

ಹನುಮಾನ್ ಢೋಕಾದಲ್ಲಿ ನೋಡಲು ಏನೂ ಇಲ್ಲವೆಂದಲ್ಲ. ಮಹೇಂದ್ರಮಲ್ಲನು 1564ರಲ್ಲಿ ಕಟ್ಟಿಸಿದ ತಲೇಜು ದೇವಾಲಯವಿದೆ, ಕಾಲಭೈರವನ ದೊಡ್ಡ ಶಿಲ್ಪವಿದೆ, ಜೀವಂತ ದೇವಿಯೆಂದು ಪೂಜಿಸುವ ಬಾಲಕಿ ಕುಮಾರಿಯ ಮನೆಯಿದೆ. ತಲೇಜು ಮಲ್ಲ ಅರಸರ ಕುಲದೇವತೆ. ಆಕೆಯನ್ನು ಕಣಿವೆಗೆ ತಂದದ್ದು ಸಿಮ್ರೌನ್‌ಗಢದಲ್ಲಿ ಆಳಿದ ಕರ್ಣಾಟ ವಂಶದವರೆಂಬ ಪ್ರತೀತಿಯನ್ನು ಕೇಳಿದಾಗ ಕನ್ನಡಿಗರ ಕಿವಿ ನೆಟ್ಟಗಾಗದೆ ಇರದು. ಆದರೆ ಆ ಗುಡಿ ಸಾರ್ವಜನಿಕರಿಗೆ ತೆರೆಯುವುದು ವರ್ಷಕ್ಕೊಮ್ಮೆ, ದಸರೆಯ ನವಮಿಯಂದು ಮಾತ್ರ. 2015ರ ಭೂಕಂಪದಲ್ಲಿ ನೆಲಸಮವಾದ ಹಳೆಯ ಮರದ ಮಂಟಪ ಕಾಷ್ಠಮಂಡಪವನ್ನು ಮತ್ತೆ ಕಟ್ಟಿದ್ದಾರೆ. ನಾನು ಮೊದಲ ಸಲ ಹೋದದ್ದು ಹನ್ನೊಂದು ಗಂಟೆಗೆ. ಬೈಕುಗಳ ಹಾರ್ನು, ಬೆನ್ನು ಬಿಡದ ಮಾರ್ಗದರ್ಶಿಗಳು, ತಲೆ ಎತ್ತಿ ನೋಡಲೂ ಪುರುಸೊತ್ತಿಲ್ಲ. ಮರುದಿನ ಬೆಳಿಗ್ಗೆ ಆರಕ್ಕೆ ಹೋದಾಗ ಪಾರಿವಾಳಗಳಿಗೆ ಕಾಳು ಹಾಕುವವರು ಮತ್ತು ಹೂವಿನ ತಟ್ಟೆ ಹಿಡಿದ ಹೆಂಗಸರ ಹೊರತು ಯಾರೂ ಇರಲಿಲ್ಲ.

ಬಾಗ್ಮತಿಯನ್ನು ದಾಟಿದರೆ ಪಾಟನ್. ಇಲ್ಲಿ ಅರಮನೆಯೂ ಗುಡಿಗಳೂ ಒಂದೇ ಬೀದಿಯ ಎರಡು ಬದಿಗಳಲ್ಲಿ ಎದುರುಬದುರಾಗಿ ನಿಂತಿರುವುದರಿಂದ ಜಗಲಿಯೊಂದರ ಮೇಲೆ ಕುಳಿತರೂ ಬಹುಪಾಲು ಕಾಣುತ್ತದೆ. ಇಟ್ಟಿಗೆ ಮತ್ತು ಮರದ ಕಟ್ಟಡಗಳ ನಡುವೆ ಸಿದ್ಧಿನರಸಿಂಹಮಲ್ಲನು 1637ರಲ್ಲಿ ಕಟ್ಟಿಸಿದ ಕೃಷ್ಣಮಂದಿರ ಪೂರ್ತಿ ಕಲ್ಲಿನದು. ಅದರ ಸುತ್ತ ಮಹಾಭಾರತ ಮತ್ತು ರಾಮಾಯಣದ ಪ್ರಸಂಗಗಳನ್ನು ಗೇಣುದ್ದದ ಪಟ್ಟಿಗಳಲ್ಲಿ ಕೆತ್ತಿದ್ದಾರೆ. ಚೌಕದ ಬಡಗು ತುದಿಯಲ್ಲಿ ಮೆಟ್ಟಿಲಿಳಿದು ಹೋಗುವ ಮಂಗ ಹಿತಿ ಎಂಬ ನೀರಿನ ತಾಣವಿದೆ. ಮಕರದ ಬಾಯಿಂದ ಬೀಳುವ ಸಣ್ಣ ಧಾರೆಗೆ ಒಬ್ಬ ಅಜ್ಜಿ ಹಿತ್ತಾಳೆ ಬಿಂದಿಗೆ ಒಡ್ಡಿ, ಅದು ತುಂಬುವಷ್ಟರಲ್ಲಿ ಕಾಲು ತೊಳೆದು, ಪಕ್ಕದವಳೊಡನೆ ಹರಟೆ ಮುಗಿಸಿ, ಬಿಂದಿಗೆಯನ್ನು ಸೊಂಟಕ್ಕೇರಿಸಿ ಹೊರಟುಹೋದರು.

ಪಾಟನ್‌ಗೆ ಮೊದಲ ಸ್ಥಾನ ಕೊಡಲು ನಿಜವಾದ ಕಾರಣ ಅರಮನೆಯೊಳಗೆ 1997ರಲ್ಲಿ ತೆರೆದ ವಸ್ತುಸಂಗ್ರಹಾಲಯ. ಮೇಣದ ಅಚ್ಚು ಕರಗಿಸಿ ಲೋಹ ಎರೆಯುವ ಬಗೆ, ಬೌದ್ಧರು ಪೂಜಿಸುವ ತಾರೆ ಯಾರು, ಅವಲೋಕಿತೇಶ್ವರ ಯಾರು, ಯಾವ ಮುದ್ರೆಗೆ ಏನು ಅರ್ಥ ಎಂಬುದನ್ನು ಅಲ್ಲಿ ವಿಗ್ರಹಗಳ ಪಕ್ಕದಲ್ಲೇ ವಿವರಿಸಿದ್ದಾರೆ. ಎರಡು ಗಂಟೆ ಅಲ್ಲಿ ಕಳೆದು ಹೊರಬಂದ ಮೇಲೆ, ಹಿಂದಿನ ದಿನ ಹನುಮಾನ್ ಢೋಕಾದಲ್ಲಿ ಸುಮ್ಮನೆ ಚಿತ್ತಾರವೆಂದು ದಾಟಿಬಂದದ್ದೆಲ್ಲ ಹೆಸರು ಹಿಡಿದು ಗುರುತಿಸುವಂತಾಯಿತು. ಕ್ರಮ ತಿರುವುಮುರುವಾಗಿದ್ದಕ್ಕೆ ನನಗೆ ಈಗಲೂ ಬೇಸರವಿದೆ.

ಭಕ್ತಪುರ ಕಠ್ಮಂಡುವಿನಿಂದ ಮೂಡಣಕ್ಕೆ ಸುಮಾರು 13 ಕಿಲೋಮೀಟರ್. ಕಂಡುಬರುವ ಅಂದದಲ್ಲಿ ಇದೇ ಮೇಲು, ಆದರೆ ಹಗಲಿನಲ್ಲಿ ಹೋಗಿ ಸಂಜೆಗೆ ಮರಳುವವರಿಗೆ ಅದು ದಕ್ಕುವುದಿಲ್ಲ. ಭೂಪತೀಂದ್ರಮಲ್ಲನ ಐದು ಮಾಡಿನ ನ್ಯಾತಪೋಲ ದೇವಾಲಯ 1702ರದು. 1934 ಮತ್ತು 2015ರ ಎರಡೂ ಭೂಕಂಪಗಳಿಗೆ ಅದು ಜಗ್ಗಲಿಲ್ಲ. ಮೆಟ್ಟಿಲುಗಳ ಇಕ್ಕೆಲದಲ್ಲಿ ಕೆಳಗೆ ಇಬ್ಬರು ಜಟ್ಟಿಗಳು, ಮೇಲೆ ಆನೆಗಳು, ಸಿಂಹಗಳು: ಪ್ರತಿ ಜೋಡಿಯೂ ತನ್ನ ಕೆಳಗಿನದಕ್ಕಿಂತ ಹತ್ತು ಪಟ್ಟು ಬಲಶಾಲಿಯೆಂದು ನಂಬಿಕೆ. ಮಧ್ಯಾಹ್ನ ಅಲ್ಲಿ ಫೋಟೋ ತೆಗೆಸಿಕೊಳ್ಳುವವರ ಸಾಲು. ಒಂದು ರಾತ್ರಿ ಉಳಿದಾಗಲಷ್ಟೇ ಕುಂಬಾರರ ಚೌಕದಲ್ಲಿ ಹಸಿ ಮಡಕೆಗಳನ್ನು ಬಿಸಿಲಿಗೆ ಹರವುವುದನ್ನು ನಿಂತು ನೋಡಲು ನನಗೆ ಪುರುಸೊತ್ತು ಸಿಕ್ಕಿತು. ಆ ಮಡಕೆಯಲ್ಲೇ ಹೆಪ್ಪುಗಟ್ಟಿಸಿದ ಜುಜು ಧೌ, ಎಂದರೆ ರಾಜಮೊಸರು, ಚಮಚ ಹಾಕಿದರೆ ಕತ್ತರಿಸಿದಂತೆ ಏಳುತ್ತದೆ. ಸಿಹಿ ನನ್ನ ನಾಲಿಗೆಗೆ ತುಸು ಹೆಚ್ಚೇ ಆಯಿತು, ಆದರೂ ಎರಡನೆಯ ಬಟ್ಟಲು ತೆಗೆದುಕೊಂಡೆ.