ಬೂದು ಮುಚ್ಚಳದ ಟ್ಯೂಬು ಮತ್ತು ದೂರಶಿಕ್ಷಣದ ಜೀವರಸಾಯನಶಾಸ್ತ್ರ

ಗದಗಿನ ಒಂದು ರಕ್ತ ತಪಾಸಣೆಯ ಲ್ಯಾಬಿನಲ್ಲಿ ಎಂಟು ವರ್ಷಗಳಿಂದ ಟೆಕ್ನಿಷಿಯನ್ ಆಗಿದ್ದೇನೆ. ಡಿಪ್ಲೊಮಾ ಮುಗಿದ ಮೇಲೆ ನಿಂತುಹೋಗಿದ್ದ ಓದನ್ನು ಎರಡು ವರ್ಷಗಳ ಹಿಂದೆ ಮತ್ತೆ ಹಿಡಿದೆ. ಒಂದು ವಿಶ್ವವಿದ್ಯಾಲಯದ ದೂರಶಿಕ್ಷಣದಲ್ಲಿ ಜೀವರಸಾಯನಶಾಸ್ತ್ರದ ಆರಂಭಿಕ ಪತ್ರಿಕೆಗಳನ್ನು ತೆಗೆದುಕೊಂಡೆ. ಸೇರಬಹುದೇ ಎಂದು ಸಹೋದ್ಯೋಗಿಗಳು ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಸಕ್ಕರೆ ಪರೀಕ್ಷೆಗೆ ತೆಗೆದ ರಕ್ತವನ್ನು ಬೂದು ಮುಚ್ಚಳದ ಟ್ಯೂಬಿಗೇ ಹಾಕಬೇಕು, ಏಳೆಂಟು ಸಲ ಮೆಲ್ಲಗೆ ಮೇಲೆ ಕೆಳಗೆ ಮಾಡಿ ಬೆರೆಸಬೇಕು. ಇದು ಕೈಗೆ ಚೆನ್ನಾಗಿ ಗೊತ್ತಿತ್ತು. ಕಾರಣವನ್ನು ಮಾತ್ರ ಯಾರೂ ಹೇಳಿರಲಿಲ್ಲ. ಪುಸ್ತಕದಲ್ಲಿ ಗ್ಲೈಕೋಲಿಸಿಸ್, ಅಂದರೆ ಜೀವಕೋಶ ಸಕ್ಕರೆಯನ್ನು ಒಡೆದು ಶಕ್ತಿ ಪಡೆಯುವ ಕ್ರಮ, ಬಂತು. ಗ್ಲೂಕೋಸಿನ ಒಂದು ಅಣು ಹತ್ತು ಹಂತಗಳಲ್ಲಿ ಒಡೆದು ಪೈರುವೇಟ್ ಎಂಬ ಎರಡು ಚಿಕ್ಕ ಅಣುಗಳಾಗುತ್ತದೆ, ಖರ್ಚು ಕಳೆದು ಎರಡು ಎಟಿಪಿ (ಜೀವಕೋಶ ಶಕ್ತಿಗಾಗಿ ಬಳಸುವ ಅಣು) ಉಳಿಯುತ್ತವೆ. ಒಂಬತ್ತನೆಯ ಹಂತವನ್ನು ನಡೆಸುವ ಕಿಣ್ವ (ರಾಸಾಯನಿಕ ಕ್ರಿಯೆಯ ವೇಗ ಹೆಚ್ಚಿಸುವ ಪ್ರೋಟೀನ್) ಎನೊಲೇಸ್. ಅದನ್ನು ಫ್ಲೋರೈಡ್ ತಡೆಯುತ್ತದೆ. ಈ ಸಾಲನ್ನು ಓದಿದಾಗ ಹುಬ್ಬಳ್ಳಿಯ ರೈಲು ಅಣ್ಣಿಗೇರಿ ದಾಟುತ್ತಿತ್ತು. ಫ್ಲೋರೈಡ್ ಎಂದರೆ ಮುಂಡರಗಿ ಕಡೆಯ ಬೋರ್‌ವೆಲ್ ನೀರು, ಕಲೆಗಟ್ಟಿದ ಹಲ್ಲು ಎಂದಷ್ಟೇ ತಿಳಿದಿದ್ದ ನನಗೆ, ನಮ್ಮ ಟ್ಯೂಬಿನ ತಳದ ಬಿಳಿ ಪುಡಿ ಕಣ್ಣಮುಂದೆ ಬಂತು. ಸೋಡಿಯಂ ಫ್ಲೋರೈಡ್! ಮೈಯಿಂದ ಹೊರಬಂದ ಮೇಲೂ ರಕ್ತಕಣಗಳು ಗ್ಲೂಕೋಸನ್ನು ಬಳಸುತ್ತಲೇ ಇರುತ್ತವೆ. ತಡೆಯದಿದ್ದರೆ ಗಂಟೆಗೆ ಶೇಕಡಾ 5ರಿಂದ 7ರಷ್ಟು ಇಳಿಯುತ್ತದೆ. ಫ್ಲೋರೈಡ್ ತಡೆಯುವುದು ಒಂಬತ್ತನೆಯ ಹಂತವನ್ನಾದ್ದರಿಂದ, ಮೊದಲ ಒಂದೆರಡು ಗಂಟೆ ಅದಕ್ಕೂ ಹಿಂದಿನ ಹಂತಗಳು ನಡೆದೇ ಇರುತ್ತವೆ, ಗ್ಲೂಕೋಸ್ ಇಳಿಯುತ್ತಲೇ ಇರುತ್ತದೆ. ಹಾಗಾಗಿ ಈಗ ಹಳ್ಳಿಯ ಶಿಬಿರದಿಂದ ರಕ್ತ ಬಂದ ಕೂಡಲೇ ವೇಗವಾಗಿ ತಿರುಗಿಸುವ ಸೆಂಟ್ರಿಫ್ಯೂಜ್ ಯಂತ್ರಕ್ಕೆ ಹಾಕಿ, ರಕ್ತಕಣಗಳಿಂದ ಪ್ಲಾಸ್ಮಾ ಎಂಬ ದ್ರವವನ್ನು ಬೇರೆ ಮಾಡುತ್ತೇನೆ. ಬೂದು ಟ್ಯೂಬನ್ನು ನಂಬಿ ಊಟಕ್ಕೆ ಹೋಗುವುದಿಲ್ಲ. ಕಟ್ಟಿದ ಶುಲ್ಕ ನನಗೆ ಇಷ್ಟರಲ್ಲೇ ಮರಳಿತು.

ಕಿಣ್ವಗಳ ವೇಗದ ಪಾಠ ಮಾತ್ರ ಬಹಳ ದುರ್ಬಲ. ಮೈಕೇಲಿಸ್ ಮತ್ತು ಮೆಂಟೆನ್ 1913ರಲ್ಲಿ ಕೊಟ್ಟ ಸಮೀಕರಣವನ್ನು ಅರ್ಧ ಪುಟದಲ್ಲಿ ಮುಗಿಸಿ, ಉಗುರಿನಷ್ಟು ನಕ್ಷೆ ಅಚ್ಚು ಹಾಕಿದ್ದಾರೆ. ಅದನ್ನು ಬಿಡಿಸಿಕೊಟ್ಟವರು ಹುಬ್ಬಳ್ಳಿಯ ಸಂಪರ್ಕ ತರಗತಿಯ ಹಿರಿಯ ಮೇಷ್ಟ್ರು. “ನೋಡು ತಂಗಿ, ಕಿಣ್ವ ತನ್ನ ಗರಿಷ್ಠ ವೇಗದ ಅರ್ಧ ಮುಟ್ಟಲು ಎಷ್ಟು ಸಕ್ಕರೆ ಕೇಳುತ್ತದೆ? ಆ ಲೆಕ್ಕವೇ ಕೆಎಂ. ಮಿದುಳಿನ ಕಿಣ್ವ ಹೆಕ್ಸೊಕೈನೇಸ್ ಚೂರು ಸಕ್ಕರೆಗೇ ಕೆಲಸಕ್ಕೆ ಇಳಿಯುತ್ತದೆ, ಯಕೃತ್ತಿನ ಕಿಣ್ವ ಗ್ಲೂಕೊಕೈನೇಸ್ ಊಟವಾಗಿ ಸಕ್ಕರೆ ಏರುವವರೆಗೆ ಕಾಯುತ್ತದೆ” ಎಂದರು. ಅಂಥ ತರಗತಿ ಸಿಗುವುದು ವರ್ಷಕ್ಕೆ ಹತ್ತೇ ದಿನ.

ಪುಸ್ತಕಗಳು ಎರಡು ತಿಂಗಳು ತಡವಾಗಿ ಬಂದವು. ಅಸೈನ್‌ಮೆಂಟುಗಳಿಗೆ ಅಂಕ ಬರುತ್ತದೆ, ತಪ್ಪು ಎಲ್ಲಿ ಎಂದು ಒಂದು ಸಾಲೂ ಬರುವುದಿಲ್ಲ. ಇದು ನನಗೆ ಈಗಲೂ ನೋವಿನ ಸಂಗತಿ. ಪ್ರಯೋಗಕ್ಕೆ ಎಂಟು ಜನರಿಗೆ ಒಂದು ಪೈಪೆಟ್. ದಿನವೂ ಪೈಪೆಟ್ ಹಿಡಿಯುವ ನನಗೆ ಅದು ನಡೆಯಿತು. ನನ್ನ ಪಕ್ಕದಲ್ಲಿ ನಿಂತಿದ್ದ ಹಾವೇರಿಯ ಹುಡುಗಿ ಪ್ರಯೋಗದ ಐದೂ ದಿನ ನೋಡುತ್ತಲೇ ಉಳಿದಳು.

ಆದ್ದರಿಂದ ಲ್ಯಾಬಿನಲ್ಲಿ ಕೆಲಸ ಮಾಡುವವರು ಧೈರ್ಯವಾಗಿ ಸೇರಿ. ಈಗಷ್ಟೇ ಪಿಯುಸಿ ಮುಗಿಸಿದ ಮಕ್ಕಳನ್ನು ಕಾಲೇಜಿಗೇ ಕಳುಹಿಸಿ. ಪಾಠವೆಲ್ಲ ಇಂಗ್ಲಿಷಿನಲ್ಲಿದೆ, ನಾನು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಪ್ರತಿ ಹಂತವನ್ನೂ ಕನ್ನಡದಲ್ಲಿ ಬರೆದುಕೊಂಡೆ. ಜೊತೆಗೆ ಕಿಣ್ವಗಳ ವೇಗದ ನಕ್ಷೆಯನ್ನು ದೊಡ್ಡದಾಗಿ ಬಿಡಿಸಿಕೊಳ್ಳಲು ಗ್ರಾಫ್ ಹಾಳೆಗಳನ್ನು ಮೊದಲ ದಿನವೇ ಕೊಂಡಿಟ್ಟುಕೊಳ್ಳಿ.