ಹಳೆ ಕಾರಿನ ಪೆಟ್ರೋಲ್ ಟ್ಯಾಂಕಿನ ತುಕ್ಕು: ಸಿಟ್ರಿಕ್, ಫಾಸ್ಫರಿಕ್, ಎಲೆಕ್ಟ್ರಾಲಿಸಿಸ್ – ಯಾವ ಟ್ಯಾಂಕಿಗೆ ಯಾವುದು?

ಕಾರ್ಬ್ಯುರೇಟರ್ ತೊಳೆದು, ಫಿಲ್ಟರ್ ಬದಲಿಸಿ, ಪಂಪಿಗೆ ಹೊಸ ಡಯಾಫ್ರಮ್ ಹಾಕಿದ ಮೇಲೂ ಗಾಡಿ ಏರಿನಲ್ಲಿ ಮುಗ್ಗರಿಸುತ್ತಿದ್ದರೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು, ಅಂದರೆ ಫ್ಲೋಟ್ ಬೌಲ್ ಬಿಚ್ಚಿ ತಳವನ್ನು ಬೆರಳಿನಿಂದ ಒರೆಸಿ ನೋಡಿ. ಕಾವಿ ಬಣ್ಣದ ನುಣ್ಣನೆ ಪುಡಿ ಅಂಟಿದರೆ ತೊಂದರೆ ಇರುವುದು ಟ್ಯಾಂಕಿನಲ್ಲಿ. ಈ ಪುಡಿ ಜಾಲರಿ ಫಿಲ್ಟರಿಗೆ ಸಿಗುವುದಿಲ್ಲ. ಬೌಲಿಗೆ ಪೆಟ್ರೋಲ್ ಬಿಡುವ ನೀಡಲ್ ವಾಲ್ವಿನ ಸೀಟಿನ ಮೇಲೆ ಕೂತರೆ ಪೆಟ್ರೋಲ್ ಉಕ್ಕುತ್ತದೆ, ಎಂಜಿನ್ನಿಗೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತು, ಮೇನ್ ಜೆಟ್ಟಿನಲ್ಲಿ ಸಿಕ್ಕಿಕೊಂಡರೆ ಪೆಟ್ರೋಲ್ ಸಾಲದೆ ಎಳೆತ ಹೋಗುತ್ತದೆ.

ಸಿಟ್ರಿಕ್ ಆ್ಯಸಿಡ್, ಫಾಸ್ಫರಿಕ್ ಆ್ಯಸಿಡ್, ಎಲೆಕ್ಟ್ರಾಲಿಸಿಸ್ (ದ್ರಾವಣದಲ್ಲಿ ವಿದ್ಯುತ್ ಹಾಯಿಸಿ ತುಕ್ಕು ಬಿಡಿಸುವುದು) ಮೂರನ್ನೂ ಬೇರೆ ಬೇರೆ ಟ್ಯಾಂಕುಗಳಲ್ಲಿ ಮಾಡಿ ನೋಡಿದ್ದೇವೆ. ಮೂರೂ ತುಕ್ಕು ಬಿಡಿಸುತ್ತವೆ. ಯಾವುದು ಹೊಂದುತ್ತದೆ ಎಂಬುದು ಟ್ಯಾಂಕಿನ ಒಳಗಿನ ರಚನೆ ಮತ್ತು ಲೇಪವನ್ನು ಅವಲಂಬಿಸಿದೆ. ಆದರೆ ಕೆಲಸ ಕೆಡುವುದು ಹೆಚ್ಚಾಗಿ ತುಕ್ಕು ಬಿಡಿಸುವಾಗ ಅಲ್ಲ, ತೊಳೆದು ಒಣಗಿಸುವಾಗ.

ಮೊದಲು ಮೂರಕ್ಕೂ ಸಮಾನವಾದ ತಯಾರಿ. ಟ್ಯಾಂಕ್ ಇಳಿಸಿ, ಗೇಜಿನ ಸೆಂಡರ್ (ಪೆಟ್ರೋಲ್ ಮಟ್ಟವನ್ನು ಗೇಜಿಗೆ ತಿಳಿಸುವ ಭಾಗ), ಹೀರುವ ಪೈಪು, ಡ್ರೈನ್ ಬೋಲ್ಟ್ ಎಲ್ಲ ಬಿಚ್ಚಿ. ಸೆಂಡರಿನ ಹಿತ್ತಾಳೆ ಮತ್ತು ಸಣ್ಣ ತಂತಿ ಸುರುಳಿ ಆ್ಯಸಿಡ್‌ಗೆ ತಾಳುವುದಿಲ್ಲ. ಖಾಲಿ ಟ್ಯಾಂಕಿನೊಳಗೆ ಆವಿ ತುಂಬಿರುವುದರಿಂದ ಅದು ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ. ಬಯಲಿನಲ್ಲೇ ಕೆಲಸ ಮಾಡಿ. ಬಿಸಿನೀರು, ಡಿಟರ್ಜೆಂಟ್ ಹಾಕಿ ಪೆಟ್ರೋಲ್ ವಾಸನೆ ಪೂರ್ತಿ ಹೋಗುವವರೆಗೆ ತೊಳೆಯಿರಿ. ಹಳೆ ಪೆಟ್ರೋಲ್ ಗಟ್ಟಿಯಾಗಿ ಗೋಂದಿನಂತೆ ಅಂಟಿದ್ದರೆ ಅದನ್ನು ಅಸಿಟೋನಿನಿಂದ ಕರಗಿಸಿ ತೆಗೆಯಲೇಬೇಕು. ಅದರ ಅಡಿಯ ತುಕ್ಕಿಗೆ ಯಾವ ದ್ರಾವಣವೂ ಮುಟ್ಟುವುದಿಲ್ಲ. "ಆ್ಯಸಿಡ್ ಕೆಲಸ ಮಾಡಲಿಲ್ಲ" ಎನ್ನುವವರಲ್ಲಿ ಬಹಳ ಮಂದಿ ಈ ಹಂತ ಬಿಟ್ಟಿರುತ್ತಾರೆ. ಸಡಿಲ ಚಕ್ಕೆ ಉದುರಿಸಲು ನಟ್ಟು, ಜಲ್ಲಿ ಹಾಕಬೇಡಿ. ಟ್ಯಾಂಕಿನೊಳಗಿನ ಅಡ್ಡ ತಗಡು, ಅಂದರೆ ಬ್ಯಾಫಲ್ ಹಿಂದೆ ಸಿಕ್ಕಿಕೊಂಡರೆ ಹೊರಗೆ ಬರುವುದಿಲ್ಲ. ಒಂದು ತುದಿಗೆ ತಂತಿ ಕಟ್ಟಿದ ಸಣ್ಣ ಸರಪಳಿ ಸಾಕು.

ನಮ್ಮ ಮೊದಲ ಆಯ್ಕೆ ಸಿಟ್ರಿಕ್ ಆ್ಯಸಿಡ್, ಅಂದರೆ ನಿಂಬೆ ಉಪ್ಪು. ಲೀಟರಿಗೆ 50 ಗ್ರಾಂ. 40 ಲೀಟರ್ ಟ್ಯಾಂಕಿಗೆ 2 ಕಿಲೋ. ಕೈ ತಾಳುವಷ್ಟು ಬಿಸಿ, ಸುಮಾರು 45 ಡಿಗ್ರಿಯ ನೀರಿನಲ್ಲಿ ಕರಗಿಸಿ ಕಂಠಮಟ್ಟ ತುಂಬಿ. ಅರ್ಧ ತುಂಬಿದರೆ ದ್ರಾವಣದ ಮಟ್ಟದ ಉದ್ದಕ್ಕೂ ಹೊಸ ತುಕ್ಕಿನ ಗೆರೆ ಏಳುತ್ತದೆ. ಮುಚ್ಚಳ ಬಿಗಿಯಬೇಡಿ, ಹೈಡ್ರೋಜನ್ ಗುಳ್ಳೆಗಳಿಗೆ ದಾರಿ ಬೇಕು. ಸಾಧಾರಣ ತುಕ್ಕಿಗೆ 12 ಗಂಟೆ, ದಪ್ಪನೆಯದಕ್ಕೆ 24. ದ್ರಾವಣ ಹಳದಿ-ಹಸಿರಿಗೆ ತಿರುಗಿ, ಆಮೇಲೆ ಕಪ್ಪಾಗುತ್ತಾ ಬರುತ್ತದೆ. ತುಕ್ಕು ಹೋದ ಮೇಲೂ ಬಿಟ್ಟರೆ ಉಕ್ಕನ್ನೇ ತಿನ್ನತೊಡಗುತ್ತದೆ, ಒಳಗೆ ಮಸಿಯಂಥ ಕಪ್ಪು ಪದರ ಕೂರುತ್ತದೆ. ಆದ್ದರಿಂದ 12 ಗಂಟೆಯ ನಂತರ ಆಗಾಗ ನೋಡುತ್ತಿರಬೇಕು. ಬ್ಯಾಫಲ್ ಇರುವ ಟ್ಯಾಂಕಿಗೆ ಇದಕ್ಕಿಂತ ಒಳ್ಳೆಯದನ್ನು ನಾವು ಕಂಡಿಲ್ಲ, ನೀರು ಹೋದ ಕಡೆಗೆಲ್ಲ ಇದೂ ಹೋಗುತ್ತದೆ.

ಫಾಸ್ಫರಿಕ್ ಇದಕ್ಕಿಂತ ಬೇಗ ಕೆಲಸ ಮಾಡುತ್ತದೆ, ಜೊತೆಗೆ ಉಕ್ಕಿನ ಮೇಲೆ ತೆಳ್ಳನೆ ಬೂದು ಫಾಸ್ಫೇಟ್ ಪದರ ಬಿಡುತ್ತದೆ. ಸಿಟ್ರಿಕ್‌ಗೆ ಇಲ್ಲದ ಗುಣ ಇದೇ: ಒಣಗುವ ಹೊತ್ತಿನಲ್ಲಿ ಹೊಸ ತುಕ್ಕು ಅಷ್ಟು ಸುಲಭವಾಗಿ ಏಳುವುದಿಲ್ಲ. 85 ಶೇಕಡಾ ಆ್ಯಸಿಡ್ 1 ಲೀಟರನ್ನು 8 ಲೀಟರ್ ನೀರಿಗೆ ಹಾಕಿದರೆ ಸುಮಾರು 15 ಶೇಕಡಾ ದ್ರಾವಣ. ನೀರಿಗೆ ಆ್ಯಸಿಡ್ ಸುರಿಯಬೇಕು, ಆ್ಯಸಿಡ್‌ಗೆ ನೀರು ಸುರಿಯಬಾರದು. ಕೈಗವಸು, ಕನ್ನಡಕ ಬೇಕೇ ಬೇಕು. ಟ್ಯಾಂಕ್ ತುಂಬಿಸಬೇಕಿಲ್ಲ. ಈ 9 ಲೀಟರನ್ನೇ ಹಾಕಿ, 15–20 ನಿಮಿಷಕ್ಕೊಮ್ಮೆ ಟ್ಯಾಂಕಿನ ಮಗ್ಗುಲು ಬದಲಿಸುತ್ತಾ 2ರಿಂದ 4 ಗಂಟೆ ಉರುಳಿಸಿ. ನಡುವೆ ಯಾವ ಮೈಯೂ ಒಣಗಬಾರದು. ಒಣಗಿದರೆ ಬಿಳಿ ಪುಡಿಯಾಗಿ ಉಳಿದು, ಆಮೇಲೆ ಅದೇ ಉದುರಿ ಫಿಲ್ಟರ್ ಕಟ್ಟುತ್ತದೆ. ಮೇಲ್ಮೈ ತುಕ್ಕಿಗೆ ಇದು ಬಹಳ ಚೆನ್ನ. ದಪ್ಪ ಚಕ್ಕೆಗೆ ಬೇಡ: ಮೇಲ್ಪದರ ಫಾಸ್ಫೇಟಾಗಿ ಅಡಿಯ ತುಕ್ಕು ಹಾಗೇ ಉಳಿಯುತ್ತದೆ.

ಎಲೆಕ್ಟ್ರಾಲಿಸಿಸ್‌ನ ದೊಡ್ಡ ಗುಣ, ಗಟ್ಟಿ ಉಕ್ಕನ್ನು ತಿನ್ನುವುದಿಲ್ಲ. ತಗಡು ಈಗಾಗಲೇ ತೆಳ್ಳಗಾಗಿದೆ ಎನ್ನಿಸಿದರೆ ಇದೇ ಸರಿ. ಲೀಟರಿಗೆ 5–10 ಗ್ರಾಂ ವಾಷಿಂಗ್ ಸೋಡಾ, 12 ವೋಲ್ಟ್ ಚಾರ್ಜರ್, 2ರಿಂದ 5 ಆಂಪಿಯರ್. ನೆಗೆಟಿವ್ ಟ್ಯಾಂಕಿಗೆ, ಪಾಸಿಟಿವ್ ಒಳಗೆ ಇಳಿಬಿಟ್ಟ ಸಾದಾ ಉಕ್ಕಿನ ಸರಳಿಗೆ. ಅದಲುಬದಲಾದರೆ ಕರಗುವುದು ಟ್ಯಾಂಕೇ. ಸರಳು ಎಲ್ಲೂ ಟ್ಯಾಂಕಿಗೆ ತಾಗದಂತೆ ರಬ್ಬರ್ ಬಿರಡೆ ಕೊಡಿ. ಸ್ಟೇನ್‌ಲೆಸ್ ಸರಳು ಬಳಸಬೇಡಿ, ವಿಷಕಾರಿ ಕ್ರೋಮಿಯಂ ದ್ರಾವಣಕ್ಕೆ ಇಳಿಯುತ್ತದೆ. ಅಡುಗೆ ಉಪ್ಪೂ ಬೇಡ, ಕ್ಲೋರಿನ್ ಅನಿಲ ಏಳುತ್ತದೆ. ಹೈಡ್ರೋಜನ್, ಆಮ್ಲಜನಕ ಎರಡೂ ಒಂದೇ ಬಾಯಿಂದ ಹೊರಬರುವುದರಿಂದ ಕಿಡಿ ತಾಗಿದರೆ ಸಿಡಿಯುತ್ತದೆ: ಟ್ಯಾಂಕನ್ನು ಕಂಠಮಟ್ಟ ತುಂಬಿ, ಚಾರ್ಜರನ್ನು ಗೋಡೆಯ ಸ್ವಿಚ್ಚಿನಲ್ಲಿ ಆರಿಸಿದ ಮೇಲೆಯೇ ಕ್ಲಿಪ್ ಮುಟ್ಟಿ. ಒಂದೆರಡು ದಿನ ಹಿಡಿಯುತ್ತದೆ, ನಡುನಡುವೆ ಸರಳಿನ ಕೊಳೆ ಕೆರೆಯಬೇಕು. ಕೊರತೆ ಇಷ್ಟೆ: ಸರಳಿಗೆ ಎದುರಾದ ಮೈ ಮಾತ್ರ ಚೆನ್ನಾಗಿ ಶುದ್ಧವಾಗುತ್ತದೆ, ಬ್ಯಾಫಲ್ ಮರೆಯಲ್ಲಿ ತುಕ್ಕು ಉಳಿಯುತ್ತದೆ. ಒಂದೇ ಕೋಣೆಯ, ದಪ್ಪ ಚಕ್ಕೆ ಹಿಡಿದ ಟ್ಯಾಂಕಿಗೆ ಇದನ್ನು ಧೈರ್ಯವಾಗಿ ಆರಿಸಬಹುದು.

ಯಾವುದನ್ನೂ ಮಾಡಬಾರದ ಟ್ಯಾಂಕುಗಳೂ ಇವೆ. ಎಷ್ಟೋ ಹಳೆ ಟ್ಯಾಂಕುಗಳ ಒಳಗೆ ಸೀಸ-ತವರದ ಮಂಕು ಬೂದು ಲೇಪ ಇರುತ್ತದೆ. ಅದು ಬಹುಪಾಲು ಗಟ್ಟಿಯಿದ್ದು, ತಳದ ಮೂಲೆಯಲ್ಲಿ ಮಾತ್ರ ತುಕ್ಕಿದ್ದರೆ ಆ್ಯಸಿಡ್ ತುಂಬಬೇಡಿ. ಇರುವ ರಕ್ಷಣೆಯನ್ನೂ ಕಳೆದುಕೊಳ್ಳುತ್ತೀರಿ. ವಿನೆಗರ್ ಅಂತೂ ಸೀಸವನ್ನು ಕರಗಿಸುತ್ತದೆ. ಅಂಥ ಟ್ಯಾಂಕನ್ನು ಸರಪಳಿ ಹಾಕಿ ತೊಳೆದು, ಒಳ್ಳೆ ಫಿಲ್ಟರ್ ಕೊಟ್ಟು ಬಳಸುವುದೇ ಮೇಲು. ಸೀಸ ತಾಗಿದ ತೊಳೆನೀರನ್ನು ಚರಂಡಿಗೆ ಬಿಡಬಾರದು. ಸತುವಿನ ಲೇಪವನ್ನು ಎರಡು ಆ್ಯಸಿಡ್‌ಗಳೂ ತಿನ್ನುತ್ತವೆ. ಟಾಯ್ಲೆಟ್ ತೊಳೆಯುವ ಹೈಡ್ರೋಕ್ಲೋರಿಕ್ ಆ್ಯಸಿಡ್ ಯಾವ ಟ್ಯಾಂಕಿಗೂ ಬೇಡ. ಉಕ್ಕನ್ನು ತಿನ್ನುತ್ತದೆ, ತಗಡಿನ ಮಡಿಕೆಗಳಲ್ಲಿ ಉಳಿದ ಕ್ಲೋರೈಡ್ ಮತ್ತೆ ತುಕ್ಕು ಎಬ್ಬಿಸುತ್ತದೆ.

ಇನ್ನು ಒಣಗಿಸುವುದು. ಸಿಟ್ರಿಕ್ ಆದ ಮೇಲೆ ನೀರಿನಿಂದ ತೊಳೆದು, ಲೀಟರಿಗೆ 10 ಗ್ರಾಂ ಅಡುಗೆ ಸೋಡಾ ಬೆರೆಸಿ ಕುಲುಕಿ ಚೆಲ್ಲಿ, ತಡಮಾಡದೆ ಬಿಸಿನೀರು ಹೊಯ್ಯಿರಿ. ಬರಿಯ ಉಕ್ಕು ಕೆಲವೇ ನಿಮಿಷಗಳಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಅದಕ್ಕೇ ಮುಂದಿನ ಸಾಮಾನೆಲ್ಲ ಪಕ್ಕದಲ್ಲೇ ಇರಬೇಕು. ಸಿಟ್ರಿಕ್ ಅಥವಾ ಎಲೆಕ್ಟ್ರಾಲಿಸಿಸ್ ಮಾಡಿದ ಟ್ಯಾಂಕಿಗೆ ಕೊನೆಯಲ್ಲಿ 2–3 ಶೇಕಡಾ ಫಾಸ್ಫರಿಕ್ ಹಾಕಿ ಕೆಲವು ನಿಮಿಷ ಉರುಳಿಸಿ, ನೀರಿನಿಂದ ತೊಳೆಯುವ ಕ್ರಮ ನಮಗೆ ಬಹಳ ಹಿಡಿಸಿದೆ. ಎರಡರ ಗುಣವೂ ಸಿಗುತ್ತದೆ. ಆಮೇಲೆ ಅರ್ಧ ಲೀಟರ್ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಎಲ್ಲ ಮೂಲೆಗೂ ಹರಿಸಿ ಚೆಲ್ಲಿ, ಉಳಿದ ನೀರನ್ನು ಅದು ಎಳೆದುಕೊಳ್ಳುತ್ತದೆ. ಕಂಪ್ರೆಸರಿನ ತಣ್ಣನೆ ಗಾಳಿ ಬಿಡಿ. ಆಲ್ಕೋಹಾಲ್ ವಾಸನೆ ಇರುವಾಗ ಹೇರ್ ಡ್ರೈಯರ್ ಹತ್ತಿರ ತರಬೇಡಿ, ಅದರ ಕಾದ ತಂತಿ ಸಾಕು ಬೆಂಕಿ ಹೊತ್ತಲು. ಒಣಗಿದ ಕೂಡಲೇ ಸ್ವಲ್ಪ ಟೂ-ಸ್ಟ್ರೋಕ್ ಆಯಿಲ್ ಬೆರೆಸಿದ ಪೆಟ್ರೋಲನ್ನು ಒಳಗೆಲ್ಲ ಹರಿಸಿ.

ತುಕ್ಕೇ ಮುಚ್ಚಿಕೊಂಡಿದ್ದ ಸೂಜಿರಂಧ್ರಗಳು ಈಗ ಕಾಣಿಸಬಹುದು. ತೂತಿಲ್ಲದ ಟ್ಯಾಂಕಿಗೆ ಒಳಲೇಪ ಹಾಕುವುದನ್ನು ನಾವು ಒಪ್ಪುವುದಿಲ್ಲ. ಸರಿಯಾಗಿ ಹಿಡಿಯದ ಲೇಪ ಹಾಳೆಯಾಗಿ ಎದ್ದು ಹೀರುವ ಪೈಪಿನ ಬಾಯಿಗೆ ಅಡ್ಡ ಬರುತ್ತದೆ, ಹಳೆ ಬಗೆಯ ಲೇಪಗಳಲ್ಲಿ ಕೆಲವು ಎಥೆನಾಲ್ ಬೆರೆತ ಪೆಟ್ರೋಲಿಗೆ ಮೆತ್ತಗಾಗುತ್ತವೆ. ತೂತಿದ್ದರೆ ಬೆಸುಗೆಯೇ ಮೇಲು, ಅದನ್ನು ಟ್ಯಾಂಕ್ ಬೆಸುಗೆ ಗೊತ್ತಿರುವವರೇ ಮಾಡಬೇಕು.

ಮರುಜೋಡಣೆಯಲ್ಲಿ ಪಂಪಿಗೆ ಮುಂಚೆ ಪಾರದರ್ಶಕ ಫಿಲ್ಟರ್ ಕೊಡಿ, ಮೊದಲ ಒಂದೆರಡು ಟ್ಯಾಂಕ್ ಪೆಟ್ರೋಲ್ ಮುಗಿಯುವವರೆಗೆ ಅದನ್ನು ನೋಡುತ್ತಿರಿ. ರಬ್ಬರ್ ಪೈಪುಗಳನ್ನು ಎಥೆನಾಲ್ ತಾಳುವ ಎಸ್‌ಎಇ ಜೆ30 ಆರ್9 ದರ್ಜೆಗೆ ಬದಲಿಸಿ. ಟ್ಯಾಂಕಿಗೆ ಹೊರಗಿನಿಂದ ಬಣ್ಣ ಬಳಿದಿದ್ದರೆ ಸೆಂಡರ್ ಕೂರುವ ಜಾಗದಲ್ಲೂ ಟ್ಯಾಂಕಿನ ಬೋಲ್ಟುಗಳ ಅಡಿಯಲ್ಲೂ ಲೋಹ ಕಾಣುವಂತೆ ಕೆರೆಯಿರಿ. ಗೇಜಿಗೆ ಅರ್ತ್ ಸಿಗುವುದು ಬಹಳ ಗಾಡಿಗಳಲ್ಲಿ ಅಲ್ಲಿಂದಲೇ.